ಯಂತ್ರದ ಅಂಕಿಗೆ ಕೈಬರಹದ ಸಾಕ್ಷಿ

ಮಳೆಯ ಲೆಕ್ಕವನ್ನು ಇಂಚು-ಸೆಂಟ್ಸ್‌ಗಳಲ್ಲಿ ಬರೆದಿಡುವ ರೂಢಿ ನಮ್ಮ ಸದಸ್ಯರಲ್ಲಿ ಅನೇಕರಿಗೆ ಹಿರಿಯರಿಂದ ಬಂದದ್ದು. ಹೂಮಳೆ ಯಾವ ದಿನ ಬಿತ್ತು, ಬೋರ್ಡೋ ಎಂದು ಹೊಡೆಸಿದೆವು, ಪಲ್ಪರ್ ಎಷ್ಟು ಹೊತ್ತು ನಡೆಯಿತು ಎಂಬುದೆಲ್ಲ ಒಂದು ಪುಸ್ತಕದಲ್ಲಿರುತ್ತದೆ. ಹೀಗಿರುವಾಗ ದೊಡ್ಡ ಕಾರ್ಖಾನೆಗಳ ಹೊಗೆ ಅಳೆಯುವ ಯಂತ್ರದ ವಿಷಯ ನಮಗೇಕೆ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಕಾರಣ ಎರಡು. ಕಾರ್ಖಾನೆಯ ನೆರೆಯಲ್ಲಿ ತೋಟವಿರುವವರಿಗೆ ಆ ಅಂಕಿಗಳ ಅರ್ಥ ತಿಳಿದಿರಬೇಕು. ಎರಡನೆಯದಾಗಿ, ಈಗ ನಮ್ಮ ಮಳೆಯನ್ನೂ ಯಂತ್ರವೇ ಅಳೆಯುತ್ತಿದೆ. ಆ ಅಂಕಿಯ ಮೇಲೆ ನಮ್ಮ ಹಣವೂ ನಿಂತಿದೆ.

ಯಂತ್ರ ಬಂದ ಬಗೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರ ಫೆಬ್ರವರಿಯಲ್ಲಿ ಹೆಚ್ಚು ಮಾಲಿನ್ಯ ಉಂಟುಮಾಡುವ 17 ವರ್ಗದ ಕೈಗಾರಿಕೆಗಳಿಗೆ ನಿರ್ದೇಶನ ನೀಡಿ, ಹೊಗೆ ಮತ್ತು ಕೊಳಚೆ ನೀರನ್ನು ಎಡೆಬಿಡದೆ ತಾನಾಗಿ ಅಳೆಯುವ ಯಂತ್ರಗಳನ್ನು ಕೂರಿಸಲು ಹೇಳಿತು. ವಿದ್ಯುತ್ ಸ್ಥಾವರ, ಸಿಮೆಂಟು, ಸಕ್ಕರೆ, ಕಾಗದ, ಗೊಬ್ಬರ, ತೈಲ ಶುದ್ಧೀಕರಣ ಮುಂತಾದವು ಈ ಪಟ್ಟಿಯಲ್ಲಿವೆ. ಹೊಗೆಗೊಳವೆಯ ಯಂತ್ರವು ದೂಳು, ಗಂಧಕದ ಡಯಾಕ್ಸೈಡ್, ಸಾರಜನಕದ ಆಕ್ಸೈಡ್ ಮೊದಲಾದವನ್ನು ಅಳೆದು, ಸರಾಸರಿ ಅಂಕಿಯನ್ನು ಮಂಡಳಿಯ ಗಣಕಕ್ಕೆ ನೇರವಾಗಿ ಕಳುಹಿಸುತ್ತದೆ.

ಇದು ಒಳ್ಳೆಯ ಏರ್ಪಾಡು. ಅಧಿಕಾರಿಯೊಬ್ಬರು ವರ್ಷಕ್ಕೆ ಒಂದೆರಡು ಸಲ ಬಂದು ಮಾದರಿ ತೆಗೆದು ಹೋಗುವುದಕ್ಕೂ ಹಗಲಿರುಳು ಅಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ಯಂತ್ರವು ಕೊಳವೆಯೊಳಗೆ ಏನಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದು ಹಾಗೇಕೆ ಇದೆ ಎಂಬುದನ್ನು ಹೇಳಲು ಬಾಯ್ಲರಿನ ಬಳಿ ನಿಂತ ಮನುಷ್ಯನೇ ಬೇಕು.

ಒಂದೇ ಅಂಕಿ, ಎರಡು ಅರ್ಥ

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 20.9ರಷ್ಟಿದೆ. ಬಾಯ್ಲರಿನಲ್ಲಿ ಬೆಂಕಿ ಉರಿದಾಗ ಅದು ಖರ್ಚಾಗಿ, ಹೊಗೆಯಲ್ಲಿ ಬಹಳ ಕಡಿಮೆ ಉಳಿಯುತ್ತದೆ. ಈಗ ಕೊಳವೆಯ ಮಾಪಕವು ಆಮ್ಲಜನಕ 20.9, ದೂಳು ಸೊನ್ನೆ ಎಂದು ತೋರಿಸಿತು ಎಂದಿಟ್ಟುಕೊಳ್ಳೋಣ. ಶಿಫ್ಟಿನ ಪುಸ್ತಕದಲ್ಲಿ "ಬಾಯ್ಲರು ನಿಂತಿದೆ" ಎಂದಿದ್ದರೆ ಈ ಅಂಕಿ ಸರಿ. ಅದೇ ಹೊತ್ತಿಗೆ "ಪೂರ್ಣ ಹೊರೆಯಲ್ಲಿ ಓಡುತ್ತಿದೆ, ಕಲ್ಲಿದ್ದಲು ಎಂದಿನಂತೆ ಸುರಿಯುತ್ತಿದೆ" ಎಂದು ಬರೆದಿದ್ದರೆ, ಮಾಪಕವು ಹೊಗೆಯನ್ನು ಅಳೆಯುತ್ತಲೇ ಇಲ್ಲ. ಹೊರಗಿನ ಗಾಳಿಯನ್ನು ಎಳೆಯುತ್ತಿದೆ. ನಳಿಗೆ ಸೀಳಿರಬಹುದು, ಕಡ್ಡಿ ಕಳಚಿರಬಹುದು, ಬೇಕೆಂದೇ ತೆಗೆದಿರಲೂಬಹುದು. ಪುಸ್ತಕವಿಲ್ಲದಿದ್ದರೆ ಆ ಸೊನ್ನೆಯನ್ನು ಶುದ್ಧ ಹೊಗೆಯೆಂದು ಲೆಕ್ಕಕ್ಕೆ ಹಿಡಿದುಬಿಡುತ್ತಾರೆ.

ಇದರ ವಿರುದ್ಧದ ತಪ್ಪೂ ಉಂಟು. ಹೊಗೆಗೆ ಗಾಳಿ ಬೆರೆಸಿ ದೂಳನ್ನು ತೆಳುವಾಗಿ ತೋರಿಸಬಾರದೆಂದು, ಅಳತೆಯನ್ನು ಗೊತ್ತಾದ ಆಮ್ಲಜನಕದ ಮಟ್ಟಕ್ಕೆ ಸರಿಹೊಂದಿಸುವ ಕ್ರಮವಿದೆ. ಕಲ್ಲಿದ್ದಲಿಗೆ ಶೇಕಡ 6 ಎಂದು ಹಿಡಿದರೆ, ಅಳೆದ ಅಂಕಿಯನ್ನು 15ರಿಂದ ಗುಣಿಸಿ, 21ರಲ್ಲಿ ಹೊಗೆಯ ಆಮ್ಲಜನಕವನ್ನು ಕಳೆದು ಉಳಿದುದರಿಂದ ಭಾಗಿಸಬೇಕು. ಆಮ್ಲಜನಕ 6 ಇದ್ದಾಗ 20 ಮಿಲಿಗ್ರಾಂ ಎಂಬುದು 20 ಆಗಿಯೇ ಉಳಿಯುತ್ತದೆ. ಆದರೆ ಬೆಂಕಿ ಆಗಷ್ಟೇ ಹೊತ್ತಿಕೊಂಡು ಆಮ್ಲಜನಕ 20 ಇರುವಾಗ, ಅದೇ 20 ಮಿಲಿಗ್ರಾಂ ಲೆಕ್ಕದಲ್ಲಿ 300 ಆಗುತ್ತದೆ! "ಬೆಳಿಗ್ಗೆ 6.10ಕ್ಕೆ ಬೆಂಕಿ ಹಚ್ಚಿತು, 9.30ಕ್ಕೆ ಹೊರೆ ಹಿಡಿಯಿತು" ಎಂಬ ಒಂದು ಸಾಲು ಪಕ್ಕದಲ್ಲಿದ್ದರೆ ಈ ಏರಿಕೆಯ ಕಾರಣ ತಿಳಿಯುತ್ತದೆ. ಅಡಿಕೆ ಬೇಯಿಸುವ ಒಲೆಯನ್ನು ಹೊತ್ತಿಸಿದ ಮೊದಲ ಗಳಿಗೆಯ ಹೊಗೆ ನೋಡಿ ಇಡೀ ದಿನದ ಹೊಗೆಯನ್ನು ಯಾರೂ ನಿರ್ಧರಿಸುವುದಿಲ್ಲವಷ್ಟೆ.

ಒಟ್ಟು ತೂಕದ ಲೆಕ್ಕ

ಮಾಪಕವು ಹೇಳುವುದು ಒಂದು ಘನ ಮೀಟರಿನಲ್ಲಿ ಎಷ್ಟು ಮಿಲಿಗ್ರಾಂ ಎಂದು. ಗಂಟೆಗೆ 2,00,000 ಘನ ಮೀಟರು ಹೊಗೆ ಹೊರಡುವಾಗ 50 ಮಿಲಿಗ್ರಾಂ ದೂಳಿದ್ದರೆ, ಹೊರಬಿದ್ದದ್ದು ಗಂಟೆಗೆ 10 ಕಿಲೋ. ಹೊಗೆ ಅರ್ಧಕ್ಕೆ ಇಳಿದರೆ ಅಂಕಿ ಅದೇ 50 ಇದ್ದರೂ ಬೀಳುವ ದೂಳು 5 ಕಿಲೋ. ಆದ್ದರಿಂದ ಎಷ್ಟು ಗಂಟೆ ಓಡಿತು, ಎಷ್ಟು ಹೊರೆ, ಎಷ್ಟು ಟನ್ ಕಲ್ಲಿದ್ದಲು ಎಂಬುದು ಗೊತ್ತಿಲ್ಲದೆ ನೆರೆಯ ಎಲೆಗಳ ಮೇಲೆ ಬಿದ್ದುದರ ಲೆಕ್ಕ ಸಿಕ್ಕದು.

ಈ ತೂಕಕ್ಕೆ ಈಗ ಬೆಲೆಯೂ ಬಂದಿದೆ. ಗುಜರಾತಿನ ಸೂರತ್ತಿನಲ್ಲಿ 2019ರಲ್ಲಿ ದೂಳಿನ ಪರವಾನಗಿಗಳನ್ನು ಕಾರ್ಖಾನೆಗಳು ತಮ್ಮತಮ್ಮಲ್ಲೇ ಕೊಂಡು ಮಾರುವ ವ್ಯವಸ್ಥೆ ಆರಂಭವಾಯಿತು. ಅಲ್ಲಿ ಮಾಪಕದ ಅಂಕಿಯೇ ತಕ್ಕಡಿ. ಈ ವ್ಯವಸ್ಥೆಗೆ ಸೇರಿದ ಕಾರ್ಖಾನೆಗಳಲ್ಲಿ ದೂಳು ಶೇಕಡ 20ರಿಂದ 30ರಷ್ಟು ಇಳಿಯಿತೆಂದು ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ.

ಅಂಕಿಯೇ ಇಲ್ಲದ ಗಂಟೆಗಳು

ಯಂತ್ರ ಕೆಡುವುದುಂಟು, ವಿದ್ಯುತ್ತು ಹೋಗುವುದುಂಟು. ಆ ಗಂಟೆಗಳಿಗೆ ಏನು ಬರೆಯಬೇಕು? ಅಮೆರಿಕದಲ್ಲಿ 1990ರ ಕಾಯಿದೆಯ ತಿದ್ದುಪಡಿಯಿಂದ ಬಂದ ಆಮ್ಲಮಳೆ ತಡೆ ಯೋಜನೆಯಲ್ಲಿ ಇದಕ್ಕೆ ಜಾಣ ನಿಯಮ ಮಾಡಿದ್ದಾರೆ. ಗಂಧಕದ ಡಯಾಕ್ಸೈಡ್ ಮಾಪಕವು ಶೇಕಡ 95 ಅಥವಾ ಹೆಚ್ಚು ಹೊತ್ತು ಸರಿಯಾಗಿ ನಡೆದಿದ್ದರೆ, 24 ಗಂಟೆಯೊಳಗಿನ ಬಿಡುವಿಗೆ ಹಿಂದಿನ ಮತ್ತು ಮುಂದಿನ ಗಂಟೆಗಳ ಸರಾಸರಿ ಸಾಕು. ಮಾಪಕದ ನಡೆ ಕೆಟ್ಟಷ್ಟೂ ತುಂಬುವ ಅಂಕಿ ಏರುತ್ತದೆ. ಶೇಕಡ 80ಕ್ಕಿಂತ ಕೆಳಗಿಳಿದರೆ ಆ ಕೊಳವೆಯಿಂದ ಬರಬಹುದಾದ ಅತಿ ಹೆಚ್ಚಿನ ಅಂಕಿಯನ್ನೇ ಹಾಕಬೇಕು. ಯಂತ್ರ ಕೆಟ್ಟರೆ ಲಾಭ ಎಂಬ ಮಾತೇ ಉಳಿಯುವುದಿಲ್ಲ. ಆದರೆ ಬಾಯ್ಲರು ನಿಂತಿದ್ದ ಗಂಟೆಗೆ ದಂಡದ ಅಂಕಿ ಬೀಳಬಾರದಷ್ಟೆ. ಅದನ್ನು ತೋರಿಸುವುದು ಓಡಿದ ಗಂಟೆಗಳ ದಾಖಲೆ.

ಜೋಡಿಸುವ ಕ್ರಮ

1. ಎರಡು ಗಡಿಯಾರಗಳೂ ಒಂದೇ ಆಗಿರಬೇಕು. ಪುಸ್ತಕದ ಸಮಯಕ್ಕೂ ಯಂತ್ರದ ಸಮಯಕ್ಕೂ ಅರ್ಧ ಗಂಟೆ ವ್ಯತ್ಯಾಸವಿದ್ದರೆ ಜೋಡಣೆ ತಪ್ಪುತ್ತದೆ.

2. ಯಂತ್ರದ ಮೂಲ ಅಂಕಿಯನ್ನು ಅಳಿಸಬಾರದು, ತಿದ್ದಬಾರದು. ಕೈಬರಹದ ಮಾತು ಪಕ್ಕದ ಅಂಕಣದಲ್ಲಿ ಬರಬೇಕು.

3. ನಿಂತಿದೆ, ಹೊತ್ತಿಸುವುದು, ಓಟ, ಮಾಪಕ ಪರೀಕ್ಷೆ, ಮಾಪಕ ದುರಸ್ತಿ ಎಂಬ ಕೆಲವೇ ಗೊತ್ತಾದ ಪದಗಳನ್ನು ಬಳಸಬೇಕು.

4. ಆಗಿಂದಾಗಲೇ ಬರೆದು ಸಹಿ ಹಾಕಬೇಕು. ತಡವಾಗಿ ಬರೆದರೆ ತಡವಾಗಿ ಬರೆದ ದಿನವನ್ನೂ ಕಾಣಿಸಬೇಕು.

5. ಸುಟ್ಟ ಕಲ್ಲಿದ್ದಲಿನ ತೂಕದೊಡನೆ ಹೊಗೆಯ ಪ್ರಮಾಣವನ್ನು ಆಗಾಗ ತಾಳೆ ನೋಡಬೇಕು. ಪುಸ್ತಕದಲ್ಲಿ ಸುಳ್ಳಿದ್ದರೆ ಯಂತ್ರ ಹೇಳುತ್ತದೆ. ಯಂತ್ರದಲ್ಲಿ ಸುಳ್ಳಿದ್ದರೆ ಪುಸ್ತಕ ಹೇಳುತ್ತದೆ.

ನಮ್ಮ ತೋಟಕ್ಕೆ ಬಂದರೆ

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿನ ಪರಿಹಾರವು ನಮ್ಮ ತೋಟದ ನಷ್ಟವನ್ನು ನೋಡಿ ಬರುವುದಿಲ್ಲ. ಗೊತ್ತಾದ ಹವಾಮಾನ ಕೇಂದ್ರದ ಅಂಕಿಯನ್ನು ನೋಡಿ ಬರುತ್ತದೆ. ಆ ಮಾಪಕದ ಬಾಯಿಗೆ ಒಣಗಿದ ಎಲೆಯೊಂದು ಅಡ್ಡ ಬಿದ್ದರೆ, ಕೊಳೆರೋಗ ತರುವಂಥ ಮಳೆ ಸುರಿದರೂ ಅಂಕಿ ಕಡಿಮೆ ಬರಬಹುದು. ಹೊಗೆಗೊಳವೆಯ ಸುಳ್ಳು ಸೊನ್ನೆಗೂ ಇದಕ್ಕೂ ಭೇದವಿಲ್ಲ.

ನಮ್ಮ ಪುಸ್ತಕದ ಅಂಕಿ ಅಧಿಕೃತ ಅಂಕಿಯ ಸ್ಥಾನಕ್ಕೆ ಬರಲಾರದು. ಆದರೆ ಒಂದೇ ಗ್ರಾಮದ ಹತ್ತು ಬೆಳೆಗಾರರು ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಅಳೆದು ಬರೆದಿಟ್ಟಿದ್ದರೆ, ಇಂಥ ದಿನ ಮಾಪಕವನ್ನು ಪರೀಕ್ಷಿಸಿರಿ ಎಂದು ದಿನಾಂಕ ಹಿಡಿದು ಕೇಳಲು ನೆಲೆ ದೊರೆಯುತ್ತದೆ. ಬರಿಯ ಬಾಯಿಮಾತಿಗೆ ಆ ಬಲವಿಲ್ಲ. ಸದಸ್ಯರು ಮಳೆಗಾಲಕ್ಕೆ ಮುಂಚೆ ಒಂದು ಸಾದಾ ಮಳೆ ಮಾಪಕವನ್ನು ಮರದ ನೆರಳಿಲ್ಲದ ಬಯಲಿನಲ್ಲಿ ನಿಲ್ಲಿಸಿ, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಿ, ಅಂಕಿಯ ಪಕ್ಕದಲ್ಲಿ ಆ ದಿನದ ತೋಟದ ಸ್ಥಿತಿಯನ್ನು ಒಂದು ಸಾಲಿನಲ್ಲಿ ಬರೆದಿಡಬೇಕೆಂದು ಕೋರುತ್ತೇವೆ. ಮಳೆ ಬಾರದ ದಿನ ಜಾಗ ಖಾಲಿ ಬಿಡದೆ "ಮಳೆ ಇಲ್ಲ" ಎಂದೇ ಬರೆಯಿರಿ. ಖಾಲಿ ಜಾಗಕ್ಕೂ ಸೊನ್ನೆಗೂ ಇರುವ ಅಂತರವನ್ನು ಯಂತ್ರ ಅರಿಯದಿದ್ದರೂ ನಾವು ಅರಿತಿರಬೇಕು.