ಹರಳು ಕಟ್ಟುವ ಕೈಗಳು

ಸಕ್ಕರೆ ಕಾರ್ಖಾನೆ ಎಂದೊಡನೆ ನೆನಪಾಗುವುದು ಗೇಟಿನ ಮುಂದೆ ಸಾಲುಗಟ್ಟಿ ನಿಂತ ಕಬ್ಬಿನ ಟ್ರ್ಯಾಕ್ಟರುಗಳು, ಚಿಮಣಿಯ ಹೊಗೆ, ಬಾಕಿ ಬಿಲ್ಲಿಗಾಗಿ ರೈತರು ಹೂಡುವ ಧರಣಿ. ಪತ್ರಿಕೆಗಳಲ್ಲಿ ಸುದ್ದಿಯಾಗುವುದೂ ಬಹುಮಟ್ಟಿಗೆ ಇಷ್ಟೇ. ಒಳಗೆ ಮಿಲ್ಲುಗಳ ಅಬ್ಬರ ದಾಟಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಪ್ಯಾನ್ ಫ್ಲೋರಿನ ಬಗ್ಗೆ ಬರೆದವರು ಕಡಿಮೆ. ಕಾರ್ಖಾನೆಯ ಲಾಭನಷ್ಟ ತೀರ್ಮಾನವಾಗುವುದು ಆ ಮಹಡಿಯಲ್ಲಿ. ಅಲ್ಲಿ ಪಾಳಿಯ ಮೇಲೆ ನಿಂತು ಪಾಕ ನೋಡುವ ಪ್ಯಾನ್‌ಮನ್‌ನದು ದೊಡ್ಡ ವಿದ್ಯೆ.

ಸಕ್ಕರೆ ಹುಟ್ಟುವುದು ಹೊಲದಲ್ಲಿ, ಕಬ್ಬಿನ ಎಲೆಯಲ್ಲಿ. ಅದನ್ನು ನೀರಿನಿಂದ, ಲವಣಗಳಿಂದ, ಬಣ್ಣದಿಂದ ಬಿಡಿಸಿ ತೆಗೆಯುವುದಷ್ಟೇ ಕಾರ್ಖಾನೆಯ ಕೆಲಸ. ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇರ್ಪಡಿಸುವ ವಿಧಾನಗಳ ಪಾಠದಲ್ಲಿ ಓದುವ ಎರಡು ಅಧ್ಯಾಯಗಳು, ಅಂದರೆ ನೀರನ್ನು ಆವಿಯಾಗಿಸಿ ಕಳೆಯುವುದು ಮತ್ತು ಕರಗಿದ್ದನ್ನು ಹರಳು ಕಟ್ಟಿಸುವುದು, ಇಲ್ಲಿ ಒಂದೇ ಸೂರಿನಡಿ ಒಂದರ ಹಿಂದೊಂದು ನಡೆಯುತ್ತವೆ.

ಮೊದಲು ನೀರಿನ ಲೆಕ್ಕ. ಸುಣ್ಣ, ಗಂಧಕದ ಹೊಗೆ ಕೊಟ್ಟು ಮಡ್ಡಿ ಇಳಿಸಿದ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು 85 ಪಾಲು ನೀರೇ. ಉಳಿದ 15ರಲ್ಲಿ ಬಹುಪಾಲು ಸಕ್ಕರೆ. ಈ ಹಾಲನ್ನು ನೂರಕ್ಕೆ 60 ಪಾಲು ಗಟ್ಟಿ ಇರುವ ಸಿರಪ್ ಮಾಡಬೇಕಾದರೆ ಪ್ರತಿ 100 ಕಿಲೊ ಹಾಲಿನಿಂದ 75 ಕಿಲೊ ನೀರು ಆವಿಯಾಗಿ ಹೋಗಬೇಕು. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ಹಾಲು ಬರುತ್ತದೆ. ಅಂದರೆ ದಿನವೂ 3,700 ಟನ್ನಿಗೂ ಹೆಚ್ಚು ನೀರನ್ನು ಕುದಿಸಿ ಹೊರಹಾಕಬೇಕು. ಒಂದು ಕಿಲೊ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 70 ಕಿಲೊಕ್ಯಾಲರಿ ಸಾಕು. ಅದೇ ನೀರನ್ನು ಅಲ್ಲಿಂದ ಆವಿ ಮಾಡಲು ಸುಮಾರು 540 ಬೇಕು. ದುಬಾರಿ ಬೀಳುವುದು ಈ ಎರಡನೆಯದು. ತೆರೆದ ಕೊಪ್ಪರಿಗೆಯಲ್ಲಿ ಕಾಯಿಸುತ್ತ ಹೋದರೆ ಆ ಶಾಖವೆಲ್ಲ ಉಗಿಯ ಜೊತೆ ಗಾಳಿ ಸೇರುತ್ತದೆ.

ಈ ನಷ್ಟಕ್ಕೆ ಪರಿಹಾರ ಕಂಡುಹಿಡಿದವರು ನಾರ್ಬರ್ಟ್ ರಿಲ್ಯೂ. 1806ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅವರು ಹುಟ್ಟಿದರು; ತಂದೆ ಬಿಳಿಯ, ತಾಯಿ ಆಫ್ರಿಕನ್ ಮೂಲದ ಸ್ವತಂತ್ರ ಮಹಿಳೆ. ಓದಿದ್ದು ಪ್ಯಾರಿಸ್‌ನಲ್ಲಿ, ಉಗಿಯಂತ್ರಗಳ ಶಾಸ್ತ್ರ. ಆಗ ಲೂಯಿಸಿಯಾನದ ಕಬ್ಬಿನ ತೋಟಗಳಲ್ಲಿ ಒಂದೇ ಒಲೆಯ ಮೇಲೆ ಸಾಲಾಗಿ ತೆರೆದ ಕೊಪ್ಪರಿಗೆಗಳನ್ನಿಟ್ಟು ಹಾಲು ಕಾಯಿಸುತ್ತಿದ್ದರು. ಕುದಿಯುವ ಹಾಲನ್ನು ಉದ್ದ ಸೌಟುಗಳಲ್ಲಿ ಮೊಗೆದು ಒಂದರಿಂದ ಇನ್ನೊಂದಕ್ಕೆ ಸುರಿಯುವುದು ಗುಲಾಮರ ಪಾಲಿನ ಕೆಲಸ. ಸುಟ್ಟುಕೊಳ್ಳುವುದೂ ಅವರ ಪಾಲಿಗೇ. ರಿಲ್ಯೂ ಕೊಪ್ಪರಿಗೆಗಳ ಬದಲು ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಜೋಡಿಸಿದರು. ಮೊದಲ ಪಾತ್ರೆಯ ಹಾಲಿನಿಂದ ಎದ್ದ ಆವಿ ಎರಡನೆಯ ಪಾತ್ರೆಯ ಕೊಳವೆಗಳಿಗೆ ಹೋಗಿ ಅಲ್ಲಿನ ಹಾಲನ್ನು ಕುದಿಸುತ್ತದೆ, ಅಲ್ಲಿ ಎದ್ದ ಆವಿ ಮೂರನೆಯದನ್ನು. ಆವಿಗಿಂತ ತಣ್ಣಗಿರುವ ಹಾಲು ಮಾತ್ರ ಅದರಿಂದ ಶಾಖ ಪಡೆಯಬಲ್ಲದು. ಆದ್ದರಿಂದ ಪಾತ್ರೆಯಿಂದ ಪಾತ್ರೆಗೆ ಒತ್ತಡ ಇಳಿಸುತ್ತ ಹೋಗಬೇಕು. ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಇಂದಿನ ಕಾರ್ಖಾನೆಯ ಕೊನೆಯ ಪಾತ್ರೆಯಲ್ಲಿ ಹಾಲು ಕುದಿಯುವುದು ನಿರ್ವಾತದಲ್ಲಿ, 55 ಡಿಗ್ರಿಯ ಆಸುಪಾಸಿನಲ್ಲಿ. ನಾಲ್ಕು ಪಾತ್ರೆಗಳಿದ್ದರೆ ಒಂದು ಕಿಲೊ ಉಗಿಗೆ ಸುಮಾರು ನಾಲ್ಕು ಕಿಲೊ ನೀರು ಕಳೆಯುತ್ತದೆ.

ರಿಲ್ಯೂ ಅವರ ಪೇಟೆಂಟುಗಳು 1843 ಮತ್ತು 1846ರವು. ವರ್ಣಭೇದದ ನಾಡಿನಲ್ಲಿ ಬಾಳಲಾಗದೆ ಅವರು ಫ್ರಾನ್ಸಿಗೆ ಮರಳಿ, 1894ರಲ್ಲಿ ಪ್ಯಾರಿಸ್‌ನಲ್ಲೇ ತೀರಿಕೊಂಡರು. ಅಮೆರಿಕದ ರಸಾಯನ ವಿಜ್ಞಾನಿಗಳ ಸಂಘ ಅವರ ಆವಿಪಾತ್ರೆಗೆ ಐತಿಹಾಸಿಕ ಗೌರವ ಸಲ್ಲಿಸಿದ್ದು 2002ರಲ್ಲಿ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮೆಲ್ಲರ ಮೈಷುಗರ್, ಶುರುವಾದ 1933ರ ಹೊತ್ತಿಗೆ ಆ ಮೊದಲ ಪೇಟೆಂಟಿಗೆ 90 ವರ್ಷ. ಕಬ್ಬಿನ ಸಿಪ್ಪೆಯನ್ನೇ ಉರಿಸಿ ಕಾರ್ಖಾನೆ ನಡೆಸಿ, ಮೇಲೆ ವಿದ್ಯುತ್ತನ್ನೂ ಮಾರಲು ಇವತ್ತು ಸಾಧ್ಯವಾಗಿರುವುದಕ್ಕೆ ಆವಿಯನ್ನು ಹೀಗೆ ಮತ್ತೆ ಮತ್ತೆ ದುಡಿಸಿಕೊಳ್ಳುವುದೇ ದೊಡ್ಡ ಕಾರಣ. ರಿಲ್ಯೂ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಎದ್ದು ಕಾಣಬೇಕಿತ್ತು.

ಸಿರಪ್ ಗಟ್ಟಿಯಾದಂತೆ ಅಂಟು ಹೆಚ್ಚಿ, ಕೊಳವೆಗಳಲ್ಲಿ ಸಲೀಸಾಗಿ ಹರಿಯುವುದಿಲ್ಲ. ಇನ್ನೂ ನೀರು ತೆಗೆದರೆ ಕಂಡಕಂಡಲ್ಲಿ ಹರಳು ಕಟ್ಟಿಕೊಳ್ಳುವ ಭಯ. ಹಾಗಾಗಿ ನೂರಕ್ಕೆ 60-65 ಪಾಲು ಗಟ್ಟಿಯಾದಾಗ ಆವಿಪಾತ್ರೆಗಳ ಕೆಲಸ ಮುಗಿಸಿ, ಸಿರಪ್ಪನ್ನು ಪ್ಯಾನಿಗೆ ಎಳೆದುಕೊಳ್ಳುತ್ತಾರೆ. ನಿರ್ವಾತದಲ್ಲಿ ಕೆಲಸ ಮಾಡುವ ಈ ಪ್ಯಾನ್ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ ಅವರ ಕೊಡುಗೆ, 1813ರಷ್ಟು ಹಳೆಯದು. ಎರಡಾಳೆತ್ತರ ಮೀರಿದ ಮುಚ್ಚಿದ ಉಕ್ಕಿನ ಪಾತ್ರೆ, ಹೊಟ್ಟೆಯಲ್ಲಿ ಉಗಿಯ ಕೊಳವೆಗಳು, ಮುಂಭಾಗದಲ್ಲಿ ಗಾಜಿನ ಕಿಂಡಿಗಳು. ಒಳಗೆ ಪಾಕ ಕುದಿಯುವುದು 60-70 ಡಿಗ್ರಿಯಲ್ಲಿ. ಇದಕ್ಕಿಂತ ಹೆಚ್ಚು ಕಾಯಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಬಣ್ಣ ಕೆಂಪಾಗುತ್ತದೆ.

ಇಲ್ಲಿಂದ ಮುಂದಿನದು ನಾಜೂಕಿನ ಕೆಲಸ. 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ, 80 ಡಿಗ್ರಿಯಲ್ಲಿ 360 ಗ್ರಾಂ. ನೀರು ಹೋಗುತ್ತ ಹೋದಂತೆ ಪಾಕ ಈ ಮಿತಿ ದಾಟಿ ಅತಿಪರ್ಯಾಪ್ತವಾಗುತ್ತದೆ. ದಾಟಿದ ಕೂಡಲೇ ಹರಳು ಬರುವುದಿಲ್ಲ. ಮಿತಿಗಿಂತ ಸುಮಾರು ಐದನೇ ಒಂದು ಪಾಲಿನಷ್ಟು ಹೆಚ್ಚು ಸಕ್ಕರೆ ಇದ್ದರೂ ಪಾಕ ತೆಪ್ಪಗಿರುತ್ತದೆ. ಈ ಹಂತದಲ್ಲಿ ಹರಳು ಮೊದಲೇ ಇದ್ದರೆ ಬೆಳೆಯುತ್ತದೆ, ಇಲ್ಲದಿದ್ದರೆ ಹುಟ್ಟುವುದಿಲ್ಲ. ಅದನ್ನೂ ಮೀರಿ ಮುಂದೆ ಹೋದರೆ ಲಕ್ಷೋಪಲಕ್ಷ ಹರಳುಗಳು ತಾವೇ ಹುಟ್ಟಿ ಪಾಕವೆಲ್ಲ ಮಂಜಾಗುತ್ತದೆ. ಪ್ಯಾನ್‌ಮನ್‌ ಕೊನೆಯವರೆಗೂ ಪಾಕವನ್ನು ಆ ನಡುವಿನ ಕಿರಿದಾದ ದಾರಿಯಲ್ಲೇ ನಡೆಸಬೇಕು. ಹತ್ತಾರು ಟನ್ ಪಾಕಕ್ಕೆ ಇಷ್ಟೇ ಇಷ್ಟು ಬೀಜ ಹಾಕುತ್ತಾರೆ. ಬೀಜವೆಂದರೆ ಸಕ್ಕರೆಯನ್ನು ಆಲ್ಕೊಹಾಲಿನಲ್ಲಿ ನುಣ್ಣಗೆ ಅರೆದ ಸ್ಲರಿ. ಆಲ್ಕೊಹಾಲಿನಲ್ಲಿ ಸಕ್ಕರೆ ಕರಗುವುದಿಲ್ಲವಾದ್ದರಿಂದ ಒಂದೊಂದು ಕಣವೂ ಹಾಗೇ ಉಳಿದು ಒಂದೊಂದು ಹರಳಿಗೆ ತಾಯಿಯಾಗುತ್ತದೆ.

ಪ್ಯಾನಿನ ಮೈಯಲ್ಲಿ ಉದ್ದನೆಯ ಹಿತ್ತಾಳೆಯ ಕಡ್ಡಿಯೊಂದಿರುತ್ತದೆ. ಅದನ್ನು ತಿರುಗಿಸಿ ಎಳೆದರೆ ನಿರ್ವಾತ ಕೆಡದಂತೆ ಒಂದು ಚಮಚೆ ಪಾಕ ಹೊರಬರುತ್ತದೆ. ಪ್ಯಾನ್‌ಮನ್ ಅದನ್ನು ಗಾಜಿನ ತುಂಡಿನ ಮೇಲೆ ಸವರಿ ದೀಪಕ್ಕೆ ಹಿಡಿದು ನೋಡುತ್ತಾನೆ: ಹರಳುಗಳ ಅಂಚು ಚೂಪಾಗಿದೆಯೇ, ಗಾತ್ರ ಒಂದೇ ಸಮವಾಗಿದೆಯೇ, ನಡುನಡುವೆ ತಾನೇ ಹುಟ್ಟಿದ ಸಣ್ಣ ಹುಸಿ ಹರಳು ಇಣುಕುತ್ತಿದೆಯೇ. ಬೀಜ ಹಾಕುವ ಮುಂಚೆ ಪಾಕವನ್ನು ಹೆಬ್ಬೆರಳು, ತೋರುಬೆರಳ ನಡುವೆ ಎಳೆದು ದಾರ ಎಷ್ಟು ಉದ್ದ ಬರುತ್ತದೆಂದು ನೋಡುವುದೂ ಹಳೆಯ ಪದ್ಧತಿ. ಮೈಸೂರುಪಾಕಿಗೆ ಅಮ್ಮಂದಿರು ಒಂದೆಳೆ ಪಾಕ ನೋಡುವುದೂ ಇದೇ ಪರೀಕ್ಷೆ. ಹುಸಿ ಹರಳು ಕಂಡರೆ ಸ್ವಲ್ಪ ನೀರು ಬಿಟ್ಟು ಅದನ್ನು ಕರಗಿಸಬೇಕು. ಹೆಚ್ಚು ಬಿಟ್ಟರೆ ಗಂಟೆಗಟ್ಟಲೆ ಬೆಳೆಸಿದ ಒಳ್ಳೆಯ ಹರಳೂ ಕರಗಿ, ಕಳೆದ ನೀರನ್ನೇ ಮತ್ತೆ ಕಳೆಯಲು ಉಗಿ ದಂಡವಾಗುತ್ತದೆ. ಬಿಡದೆ ಹೋದರೆ ಆ ನುಣ್ಣನೆಯ ಪುಡಿ, ಹರಳನ್ನು ಪಾಕದಿಂದ ಬೇರ್ಪಡಿಸುವ ಸೆಂಟ್ರಿಫ್ಯೂಜಿನ ಜರಡಿಯಲ್ಲಿ ಕಟ್ಟಿಕೊಂಡು ಪಾಕ ಸೋರುವುದೇ ನಿಲ್ಲುತ್ತದೆ.

ಇಷ್ಟೆಲ್ಲ ಶ್ರಮವೇಕೆ, ಪೂರ್ತಿ ನೀರು ಇಂಗಿಸಿದರೆ ಆಗದೇ? ಆಗುತ್ತದೆ, ಅದೇ ಬೆಲ್ಲ. ಆಲೆಮನೆಯಲ್ಲಿ ನೀರು ಮಾತ್ರ ಹೋಗುತ್ತದೆ. ಕಬ್ಬಿನ ಲವಣ, ಬಣ್ಣ, ಪರಿಮಳ ಅಚ್ಚಿನಲ್ಲೇ ಉಳಿಯುತ್ತವೆ, ಬೆಲ್ಲದ ರುಚಿ ಇರುವುದೂ ಅದರಲ್ಲಿ. ಹರಳಿನ ಗುಣವೇ ಬೇರೆ. ಸಕ್ಕರೆಯ ಅಣುಗಳು ಕರಾರುವಾಕ್ಕಾದ ಜೋಡಣೆಯಲ್ಲಿ ಒಂದರ ಮೇಲೊಂದು ಕೂರುವಾಗ ಬೇರೆ ಆಕಾರದ ಅಣುಗಳಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಅವು ಸುತ್ತಲಿನ ಪಾಕದಲ್ಲೇ ಉಳಿಯುತ್ತವೆ. ಕಡುಕಂದು ಪಾಕದ ನಡುವೆ ಬಿಳಿ ಹರಳು ಬೆಳೆಯುವುದು ಹೀಗೆ. ಅವಸರ ಮಾಡಿದರೆ ಮಾತ್ರ ಹರಳು ಬೆಳೆಯುವಾಗಲೇ ಒಳಗೆ ಕೊಳೆಪಾಕವನ್ನು ಸಿಕ್ಕಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ತೊಳೆದರೂ ಬಣ್ಣ ಹೋಗುವುದಿಲ್ಲ.

ಒಂದೇ ಸಲಕ್ಕೆ ಎಲ್ಲ ಸಕ್ಕರೆಯೂ ಸಿಗುವುದಿಲ್ಲ. ಮೊದಲ ಹಂತದ, ಅಂದರೆ ಎ ಪ್ಯಾನಿನ ಹರಳನ್ನು ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿದ ಮೇಲೆ ಉಳಿದ ಪಾಕ ಬಿ ಪ್ಯಾನಿಗೆ, ಅದರಿಂದ ಉಳಿದದ್ದು ಸಿ ಪ್ಯಾನಿಗೆ. ಬಿ ಹರಳು ಸಾಮಾನ್ಯವಾಗಿ ಎ ಪ್ಯಾನಿಗೆ ಬೀಜವಾಗಿ ಹೋಗುತ್ತದೆ, ಮಾರುಕಟ್ಟೆಗೆ ಬರುವುದು ಎ ಪ್ಯಾನಿನ ಬಿಳಿ ಸಕ್ಕರೆ. ಕೊನೆಗೆ ಉಳಿಯುವ ಕಾಕಂಬಿಯಲ್ಲಿ ಮೂರನೇ ಒಂದರಷ್ಟು ಸಕ್ಕರೆ ಇದ್ದರೂ ಲವಣಗಳೂ ಅಂಟೂ ಹೆಚ್ಚಾಗಿ ಅದು ಹರಳು ಕಟ್ಟಲೊಪ್ಪದು. ಅದು ಡಿಸ್ಟಿಲರಿಯ ಪಾಲು. 2018ರಿಂದೀಚೆಗೆ ಬಿ ಹಂತದ ಕಾಕಂಬಿಯನ್ನೇ ಎಥನಾಲಿಗೆ ಕಳಿಸಲು ಸರ್ಕಾರ ಉತ್ತೇಜನ ಕೊಟ್ಟ ಮೇಲೆ, ಅಂಥ ಕಾರ್ಖಾನೆಗಳಲ್ಲಿ ಪ್ಯಾನ್‌ಮನ್‌ನ ಅತ್ಯಂತ ಕಷ್ಟದ ಪರೀಕ್ಷೆಯಾದ ಸಿ ಪಾಕಕ್ಕೆ ಕೆಲಸವೇ ಕಡಿಮೆಯಾಗಿದೆ. ಪಾಕದ ಗಟ್ಟಿತನ ಅಳೆಯುವ ಯಂತ್ರಗಳು, ಕಂಪ್ಯೂಟರಿನಿಂದ ತೆರೆದು ಮುಚ್ಚುವ ವಾಲ್ವುಗಳೂ ಬಂದಿವೆ. ಬರಲಿ, ಒಳ್ಳೆಯದೇ. ಆದರೆ ತೋಟದಿಂದ ತೋಟಕ್ಕೆ ಕಬ್ಬು ಬೇರೆ. ಒಣಗಿದ ಕಬ್ಬು, ಮಳೆಯಲ್ಲಿ ನೆನೆದ ಕಬ್ಬು, ಕಡಿದು ಮೂರು ದಿನ ಗೇಟಿನಲ್ಲಿ ನಿಂತ ಕಬ್ಬು, ಒಂದೊಂದರ ಪಾಕವೂ ಒಂದೊಂದು ಥರ ನಡೆಯುತ್ತದೆ. ಯಂತ್ರಕ್ಕೆ ಇದನ್ನು ಕಲಿಸಬೇಕಾದರೂ ತಿಳಿದ ಮನುಷ್ಯ ಬೇಕು.

ಮಹಾರಾಷ್ಟ್ರ, ಉತ್ತರ ಪ್ರದೇಶಗಳ ಸಾಲಿನಲ್ಲಿ ನಿಲ್ಲುವ ಸಕ್ಕರೆ ರಾಜ್ಯ ನಮ್ಮದು. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಎಂಜಿನಿಯರಿಂಗ್ ಕಾಲೇಜುಗಳಿಗೂ ಕೊರತೆಯಿಲ್ಲ. ಹಂಗಾಮು ಶುರುವಾದಾಗ ಈ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಒಂದು ಪೂರ್ತಿ ಪಾಳಿ ಪ್ಯಾನ್ ಫ್ಲೋರಿನಲ್ಲಿ ನಿಲ್ಲಿಸಲಿ. ನಿವೃತ್ತಿಯ ಅಂಚಿನಲ್ಲಿರುವ ಪ್ಯಾನ್‌ಮನ್‌ಗಳನ್ನು ಕೂರಿಸಿಕೊಂಡು, ಅವರ ಮಾತಿನಲ್ಲೇ, ಕನ್ನಡದಲ್ಲೇ, ಅವರ ಅನುಭವವನ್ನು ಬರೆದಿಡುವ ಕೆಲಸವನ್ನು ಕಾರ್ಖಾನೆಗಳೂ ಸಂಸ್ಥೆಯೂ ಸೇರಿ ಈ ಹಂಗಾಮಿನಲ್ಲೇ ಆರಂಭಿಸಲಿ.