ಇಪ್ಪತ್ತನಾಲ್ಕು ಗಂಟೆಯ ಓಟಕ್ಕೆ ಎಲ್ಲಿ ಬಿಡಾರ?

ಮೋಟಾರು ಪಂದ್ಯ ನೋಡಹೋಗುವವನಿಗೆ ಹಾಸಿಗೆಯ ಚಿಂತೆಯೇಕೆ ಎಂದು ಯಾರಾದರೂ ಕೇಳಿಯಾರು. ಮಧ್ಯಾಹ್ನ ಹೋಗಿ ಕುಳಿತು ಸಂಜೆಗೆ ಎದ್ದು ಬರುವ ಪಂದ್ಯವಾದರೆ ಆ ಮಾತು ಸರಿಯೇ. ಆದರೆ ಫ್ರಾನ್ಸಿನ ಲ ಮಾನ್ ಪಟ್ಟಣದ ಓಟ ಅಂಥದಲ್ಲ. ಸಾಮಾನ್ಯವಾಗಿ ಜೂನ್ ತಿಂಗಳಿನ ಒಂದು ಶನಿವಾರ ಸಂಜೆ ನಾಲ್ಕು ಗಂಟೆಗೆ ಹೊರಟ ಕಾರುಗಳು ಭಾನುವಾರ ಸಂಜೆ ನಾಲ್ಕರವರೆಗೆ ಸುತ್ತುತ್ತಲೇ ಇರುತ್ತವೆ. ನಡುವೆ ಇಡೀ ಒಂದು ರಾತ್ರಿ. ಆ ರಾತ್ರಿಯನ್ನು ಪ್ರೇಕ್ಷಕನು ಎಲ್ಲಿ ಕಳೆದನೆಂಬುದರ ಮೇಲೆಯೇ ಅವನು ಕಂಡದ್ದೆಷ್ಟು, ಕಾಣದೆ ಹೋದದ್ದೆಷ್ಟು ಎಂಬುದು ನಿಂತಿದೆ. ಪಂದ್ಯದ ಟಿಕೆಟು ಕೊಳ್ಳುವುದು ಸುಲಭದ ಕೆಲಸ. ಬಿಡಾರ ಗೊತ್ತುಮಾಡುವುದೇ ನಿಜವಾದ ಪರೀಕ್ಷೆ.

ಲ ಮಾನ್ ಪಟ್ಟಣವು ಪ್ಯಾರಿಸಿನ ನೈಋತ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. ಒಂದೂವರೆ ಲಕ್ಷಕ್ಕೂ ಕಡಮೆ ಜನವಸತಿಯ ಊರು. 1923ರ ಮೇ ತಿಂಗಳಿನಲ್ಲಿ ಮೊದಲ ಓಟ ನಡೆಯಿತು. ಪಶ್ಚಿಮ ಫ್ರಾನ್ಸಿನ ಮೋಟಾರು ಕ್ಲಬ್ಬು ಅಂದಿನಿಂದಲೂ ಅದನ್ನು ನಡೆಸಿಕೊಂಡು ಬಂದಿದೆ. ಈಚಿನ ವರ್ಷಗಳಲ್ಲಿ ಓಟದ ವಾರಕ್ಕೆ ಬರುವ ಜನ ಮೂರು ಲಕ್ಷಕ್ಕೂ ಮಿಕ್ಕಿದ್ದಾರೆ. ಊರಿನ ಜನಕ್ಕಿಂತ ಎರಡು ಪಾಲು ಹೆಚ್ಚಾಗಿ ನೆಂಟರು ಬಂದಿಳಿದರೆ ಏನಾಗುತ್ತದೆಂಬುದನ್ನು ನಮ್ಮ ಕಡೆಯ ತೇರಿನ ಊರುಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಯಾದರೆ ಯಾರದಾದರೂ ಜಗುಲಿಯ ಮೇಲೆ ಹಾಸಿಕೊಂಡು ಮಲಗಬಹುದು. ಲ ಮಾನ್‌ನಲ್ಲಿ ಜಗುಲಿಗಳಿಲ್ಲ. ಹೋಟೆಲುಗಳ ಬಾಡಿಗೆ ಆ ವಾರ ಆಕಾಶಕ್ಕೇರುತ್ತದೆ. ಒಂದೇ ರಾತ್ರಿಗೆ ಕೊಠಡಿ ಕೊಡದೆ ಮೂರು ನಾಲ್ಕು ರಾತ್ರಿಗಳ ಹಣ ಕೇಳುವವರೂ ಉಂಟು.

ಓಟದ ಹಾದಿಯ ಸ್ವರೂಪವನ್ನು ತಿಳಿಯದೆ ಬಿಡಾರವನ್ನು ಆರಿಸಲಾಗದು. ಇದು ಗೋಡೆ ಕಟ್ಟಿದ ಕ್ರೀಡಾಂಗಣವಲ್ಲ. ಒಂದು ಸುತ್ತು 13 ಕಿಲೋಮೀಟರ್ 626 ಮೀಟರ್. ಅದರ ಬಹುಭಾಗ ವರ್ಷದ ಉಳಿದ ದಿನಗಳಲ್ಲಿ ಲಾರಿ, ಬಸ್ಸು, ತರಕಾರಿ ವಾಹನಗಳು ಓಡಾಡುವ ಸಾರ್ವಜನಿಕ ರಸ್ತೆ. ಗ್ಯಾಲರಿಗಳೂ ಕಾರುಗಳ ದುರಸ್ತಿಯ ಪಿಟ್ಟುಗಳೂ ಪಟ್ಟಣಕ್ಕೆ ಸಮೀಪದ ಉತ್ತರದ ತುದಿಯಲ್ಲಿವೆ. ಅಲ್ಲಿಂದ ಟೆರ್ತ್ರ್ ರೂಜ್ ಎಂಬ ತಿರುವನ್ನು ದಾಟಿದರೆ ಯುನೊಡಿಯೇರ್ ಎಂಬ ನೇರ ರಸ್ತೆ. ಸುಮಾರು ಆರು ಕಿಲೋಮೀಟರ್ ಉದ್ದ. ವೇಗ ಮಿತಿಮೀರಿತೆಂದು 1990ರಲ್ಲಿ ಅದರ ನಡುವೆ ಎರಡು ಅಡ್ಡತಿರುವುಗಳನ್ನು ಕಟ್ಟಿದರು. ಆದರೂ ಕಾರುಗಳು ಇಂದಿಗೂ ಅಲ್ಲಿ ಗಂಟೆಗೆ 300 ಕಿಲೋಮೀಟರನ್ನು ಮೀರುತ್ತವೆ. ರಸ್ತೆಯ ಕೊನೆಗೆ ಮ್ಯುಲ್ಸಾನ್, ಆಮೇಲೆ ಇಂಡಿಯಾನಾಪೊಲಿಸ್, ಆರ್ನಾಜ್ ತಿರುವುಗಳು. ಮ್ಯುಲ್ಸಾನ್, ಆರ್ನಾಜ್ ಎಂಬುವು ಅಕ್ಕಪಕ್ಕದ ಊರುಗಳ ಹೆಸರುಗಳೇ. ಓಟದ ಹೊತ್ತಿನಲ್ಲಿ ಈ ರಸ್ತೆಗಳೆಲ್ಲ ಮುಚ್ಚಿರುವುದರಿಂದ, ಭೂಪಟದಲ್ಲಿ ಕೂಗಳತೆಯ ದೂರದಲ್ಲಿ ಕಾಣುವ ಹಳ್ಳಿಯ ಬಿಡಾರದಿಂದಲೂ ಬಹುದೂರ ಬಳಸಿಕೊಂಡು ಬರಬೇಕಾದೀತು. ಭೂಪಟವನ್ನು ನಂಬಿ ಮುಂಗಡ ಕಟ್ಟಿದವರು ಪಶ್ಚಾತ್ತಾಪಪಡುವುದು ಇಲ್ಲಿಯೇ.

ಅತ್ಯಂತ ಸಮೀಪದ ಬಿಡಾರವೆಂದರೆ ಡೇರೆ. ಓಟದ ಹಾದಿಯ ಒಳಗೂ ಹೊರಗೂ ಬಯಲುಗಳನ್ನು ಗುರುತುಮಾಡಿ, ಚೌಕಗಳಾಗಿ ಹಂಚಿ, ಬೇರೆ ಟಿಕೆಟಿನ ಮೇಲೆ ಕೊಡುತ್ತಾರೆ. ಪಂದ್ಯದ ಪ್ರವೇಶದ ಟಿಕೆಟಿದ್ದ ಮಾತ್ರಕ್ಕೆ ಡೇರೆ ಹೊಡೆಯಲು ಬಿಡುವುದಿಲ್ಲ. ಮೇಜೋಂ ಬ್ಲಾಂಶ್, ಟೆರ್ತ್ರ್ ರೂಜ್, ಬೋಸೆಜೂರ್ ಮೊದಲಾದ ಬಯಲುಗಳಿಗೆ ಒಂದೊಂದಕ್ಕೂ ತನ್ನದೇ ಗುಣವಿದೆ, ಭಕ್ತರಿದ್ದಾರೆ. ಸಮುದ್ರ ದಾಟಿ ಬರುವ ಇಂಗ್ಲಿಷರು ಬುಧವಾರವೇ ಬಂದು ಬೀಡುಬಿಟ್ಟು, ಕುರ್ಚಿ ಮೇಜು ಹಾಕಿ, ಧ್ವಜ ಏರಿಸಿ ಸಂಸಾರ ಹೂಡುತ್ತಾರೆ. ವರ್ಷ ವರ್ಷವೂ ಅದೇ ಗುಂಪು ಅದೇ ಬಯಲಿಗೆ ಬರುವುದುಂಟು.

ಡೇರೆಯಲ್ಲಿ ನಿದ್ದೆ ಬರುವುದೇ? ಬಾರದು ಎಂದರೆ ತಪ್ಪಾಗದು. ಐವತ್ತು ಅರವತ್ತು ಎಂಜಿನುಗಳ ಆರ್ಭಟ ರಾತ್ರಿಯಿಡೀ ನಿಲ್ಲುವುದಿಲ್ಲ. ಕಿವಿಗೆ ಹತ್ತಿಯೋ ಮೇಣವೋ ಬೇಕೇ ಬೇಕು. ಜೂನ್ ಎಂದು ನಂಬಿ ತೆಳುವಾದ ಹೊದಿಕೆ ಒಯ್ದವನಿಗೆ ಬೆಳಗಿನ ಜಾವ ಬೆಂಗಳೂರಿನ ಡಿಸೆಂಬರನ್ನೂ ಮೀರಿದ ಚಳಿ ಕಾದಿರುತ್ತದೆ. ಮಳೆ ಬಂದರಂತೂ ಬಯಲು ಕೆಸರುಗದ್ದೆ. 2024ರಲ್ಲಿ ಮಳೆಯ ಕಾರಣದಿಂದ ರಾತ್ರಿ ನಾಲ್ಕು ಗಂಟೆಗಳಿಗೂ ಹೆಚ್ಚು ಹೊತ್ತು ಕಾರುಗಳು ರಕ್ಷಣಾ ಕಾರಿನ ಹಿಂದೆ ಮೆಲ್ಲಗೆ ಸಾಗಬೇಕಾಯಿತು. ಡೇರೆಯಲ್ಲಿದ್ದವರ ಅಂದಿನ ರಾತ್ರಿಯನ್ನು ಊಹಿಸಿಕೊಳ್ಳಬಹುದು.

ಇಷ್ಟಾದರೂ ಡೇರೆಗೆ ಜನ ಮುಗಿಬೀಳುವುದೇಕೆ? ಲ ಮಾನ್ ಓಟದ ಸೊಗಸಿರುವುದು ರಾತ್ರಿಯಲ್ಲಿ. ಅಲ್ಲಿ ಆ ತಿಂಗಳು ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಮೂಡುವುದು ಬೆಳಿಗ್ಗೆ ಆರಕ್ಕೆ. ಆ ಕಿರಿದಾದ ಕತ್ತಲೆಯಲ್ಲಿ ದೀಪಗಳ ಸಾಲು ಮರಗಳ ನಡುವಿನಿಂದ ಧಾವಿಸಿ ಬರುವುದನ್ನೂ, ತಿರುವಿನಲ್ಲಿ ಬ್ರೇಕು ಹಿಡಿದಾಗ ಚಕ್ರದೊಳಗಿನ ತಟ್ಟೆಗಳು ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಗೆ ಕಾಯುವುದನ್ನೂ ಹಗಲಿನಲ್ಲಿ ಕಾಣಲಾಗದು. ಡೇರೆಯವನು ಎರಡು ಗಂಟೆಗೆ ಎದ್ದು, ಕಂಬಳಿ ಹೊದ್ದು, ಬೇಲಿಯ ಬಳಿ ಹೋಗಿ ನಿಂತು, ಸಾಕೆನಿಸಿದಾಗ ಮರಳಿ ಮಲಗಬಹುದು. ಈ ಸ್ವಾತಂತ್ರ್ಯ ಯಾವ ಹೋಟೆಲಿನಲ್ಲಿಯೂ ಸಿಕ್ಕದು.

ಶಾಕಾಹಾರಿಗಳಿಗೆ ಡೇರೆಯಲ್ಲಿ ಇನ್ನೊಂದು ಅನುಕೂಲವಿದೆ. ಲ ಮಾನ್ ಪಟ್ಟಣ ಹಂದಿಮಾಂಸದ ರಿಯೆಟ್ ಎಂಬ ತಿನಿಸಿಗೆ ಹೆಸರಾದದ್ದು. ಬ್ರೆಡ್ಡಿಗೆ ಸವರಿ ಕೊಟ್ಟದ್ದನ್ನು ವಿಚಾರಿಸದೆ ಬಾಯಿಗಿಡುವಂತಿಲ್ಲ. ಡೇರೆಯ ಮುಂದೆ ಸಣ್ಣ ಒಲೆಯಲ್ಲಿ ಅನ್ನ ಬೇಯಿಸಿಕೊಂಡರೆ ಆ ಪೇಚಿಲ್ಲ. ಅಕ್ಕಿ, ಸಾರಿನ ಪುಡಿಗಳಿಗೆ ಚಿಂತೆಯಿಲ್ಲವಾದರೂ ತುಪ್ಪದ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟುಹೋಗಬೇಕು. ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಹೊರದೇಶಗಳಿಂದ ತರಲು ಯೂರೋಪಿನ ಒಕ್ಕೂಟ ಪ್ರಯಾಣಿಕರನ್ನು ಬಿಡುವುದಿಲ್ಲ.

ಸಂಸಾರಸಹಿತ ಹೋಗುವವರು ಬಹುಮಟ್ಟಿಗೆ ಪಟ್ಟಣದ ಕೊಠಡಿಯನ್ನೇ ಬಯಸುತ್ತಾರೆ. ಅದು ವಿವೇಕವೂ ಹೌದು. ಪಟ್ಟಣದ ನಡುವಿನಿಂದ ಓಟದ ಬಾಗಿಲಿಗೆ ಐದಾರು ಕಿಲೋಮೀಟರ್. 2007ರಲ್ಲಿ ಆರಂಭವಾದ ಟ್ರಾಮು ರೈಲುನಿಲ್ದಾಣದ ಮುಂದಿನಿಂದ ಹೊರಟು ಓಟದ ಹಾದಿಯ ಅಂಚಿನಲ್ಲಿರುವ ಆಂತಾರೆಸ್ ನಿಲ್ದಾಣಕ್ಕೆ ಕೊಂಡೊಯ್ಯುತ್ತದೆ. ಆದುದರಿಂದ ಕೊಠಡಿ ಹುಡುಕುವವರು ಹೋಟೆಲಿನ ನಕ್ಷತ್ರಗಳನ್ನು ಎಣಿಸುವುದಕ್ಕೆ ಬದಲು ಟ್ರಾಮಿನ ನಿಲ್ದಾಣಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸುವುದು ಮೇಲು. ಪಂದ್ಯದ ರಾತ್ರಿ ಟ್ರಾಮು ಎಷ್ಟು ಹೊತ್ತಿನವರೆಗೆ ಓಡುವುದೆಂದು ಮೊದಲೇ ವಿಚಾರಿಸಿಟ್ಟುಕೊಂಡರೆ, ಮಧ್ಯರಾತ್ರಿಯವರೆಗೆ ನೋಡಿ, ಮಕ್ಕಳನ್ನು ಮಲಗಿಸಿ, ಬೆಳಗಾಗುವ ಹೊತ್ತಿಗೆ ಮತ್ತೆ ಹೋಗುವ ಯೋಜನೆಯನ್ನು ಹಾಕಿಕೊಳ್ಳಬಹುದು. ಶುಕ್ರವಾರ ಚಾಲಕರನ್ನೆಲ್ಲ ಹಳೆಯ ಕಾರುಗಳಲ್ಲಿ ಕೂರಿಸಿ ಪಟ್ಟಣದ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ. ರೋಮನರು ಕಟ್ಟಿದ ಕೋಟೆಗೋಡೆ, ಸಂತ ಜೂಲಿಯನ್ನನ ದೊಡ್ಡ ಇಗರ್ಜಿ, ಮರದ ತೊಲೆಗಳ ಹಳೆಯ ಮನೆಗಳ ಓಣಿಗಳು—ಎಲ್ಲವೂ ನಡೆದು ನೋಡುವಷ್ಟು ಹತ್ತಿರ. ಎಂಜಿನಿನ ಸದ್ದಿನಲ್ಲಿ ಆಸಕ್ತಿಯಿಲ್ಲದ ಗೃಹಿಣಿಯೂ ಬೇಸರಪಡಬೇಕಾಗಿಲ್ಲ. (ಸದ್ದಿನ ಹುಚ್ಚು ಹಿಡಿದು, ಗಂಡನನ್ನೇ ಕೊಠಡಿಯಲ್ಲಿ ಮಲಗಲು ಬಿಟ್ಟು ಹೋಗುವ ಹೆಂಗಸರೂ ಇದ್ದಾರೆನ್ನಿ.) ಹೋಟೆಲು ಸಿಕ್ಕದವರಿಗೆ, ಆ ವಾರಕ್ಕೆಂದು ತಮ್ಮ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುವ ಊರಿನವರೂ ಸುತ್ತಲ ಹಳ್ಳಿಯವರೂ ಇದ್ದಾರೆ.

ಪ್ಯಾರಿಸಿನಲ್ಲಿಯೇ ಇದ್ದು, ವೇಗದ ರೈಲಿನಲ್ಲಿ ಒಂದು ಗಂಟೆಯೊಳಗೆ ಬಂದುಹೋಗುವ ಉಪಾಯ ಹಲವರಿಗೆ ಹೊಳೆಯುತ್ತದೆ. ಆದರೆ ರಾತ್ರಿಯ ಕೊನೆಯ ರೈಲಿಗೆ ಓಡಬೇಕಾದವನು ಕತ್ತಲಾಗುವ ಹೊತ್ತಿಗೇ ಗಡಿಯಾರ ನೋಡತೊಡಗುತ್ತಾನೆ. ತೂರ್, ಆಂಜೇ ಪಟ್ಟಣಗಳಲ್ಲಿ ತಂಗುವವರ ಪಾಡೂ ಹೀಗೆಯೇ.

ಓಡಿಸುವವರು ಹಿಂದೆ ಎಲ್ಲಿ ತಂಗುತ್ತಿದ್ದರು ಎಂಬುದು ಸ್ವಾರಸ್ಯವಾದ ಕಥೆ. ಪಟ್ಟಣದಿಂದ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಲಾ ಶಾರ್ತ್ರ್ ಎಂಬ ಸಣ್ಣ ಊರಿನ ‘ಹೋಟೆಲ್ ದ ಫ್ರಾನ್ಸ್’ ಜಾನ್ ವಯರ್ ಎಂಬ ಇಂಗ್ಲಿಷ್ ನಾಯಕನ ತಂಡಗಳ ಮೆಚ್ಚಿನ ಬಿಡಾರವಾಗಿತ್ತು. ಮೊದಲು ಆಸ್ಟನ್ ಮಾರ್ಟಿನ್, ಆಮೇಲೆ ಫೋರ್ಡ್ ಕಾರುಗಳು ಆ ಹೋಟೆಲಿನ ಅಂಗಳದಲ್ಲಿ ಸಿದ್ಧವಾಗಿ, ಎತ್ತಿನಗಾಡಿಯೂ ಹೋಗಬಹುದಾದ ಹಳ್ಳಿಯ ರಸ್ತೆಯ ಮೇಲೆಯೇ ಓಟದ ಹಾದಿಗೆ ಹೋಗುತ್ತಿದ್ದುವು. ಜರ್ಮನಿಯ ಪೋರ್ಷೆ ತಂಡದವರು ಸಮೀಪದ ತೆಲೊಷೆ ಹಳ್ಳಿಯ ಗ್ಯಾರೇಜೊಂದನ್ನು ಹಿಡಿದಿದ್ದರು. ಊಟ, ನಿದ್ದೆ, ಹಳ್ಳಿಯ ಮೌನ ಇವು ಚಾಲಕನಿಗೆ ಬೇಕೆಂಬುದನ್ನು ಆ ನಾಯಕರು ಬಲ್ಲವರಾಗಿದ್ದರು. 1969ರ ಓಟದಲ್ಲಿ ಈ ಎರಡು ಬಿಡಾರಗಳಿಗೇ ಕೊನೆಯ ಹೋರಾಟ. ಅಂದು ಚಾಲಕರು ರಸ್ತೆ ದಾಟಿ ಓಡಿ ಕಾರು ಹತ್ತುವ ಪದ್ಧತಿಯಿತ್ತು. ವಯರನ ತಂಡದ ಜಾಕಿ ಇಕ್ಸ್ ಆ ಅವಸರ ಅಪಾಯಕರವೆಂದು ತೋರಿಸಲು ನಿಧಾನವಾಗಿ ನಡೆದು ಹೋಗಿ, ಪಟ್ಟಿ ಬಿಗಿದುಕೊಂಡು ಎಲ್ಲರಿಗಿಂತ ಹಿಂದೆ ಹೊರಟ. ಇಪ್ಪತ್ತನಾಲ್ಕು ಗಂಟೆಗಳ ಬಳಿಕ ಅವನ ಫೋರ್ಡು ಪೋರ್ಷೆಯನ್ನು ಸುಮಾರು ನೂರಿಪ್ಪತ್ತು ಮೀಟರಿನಷ್ಟು ಅಂತರದಿಂದ ಸೋಲಿಸಿತು. ಮುಂದಿನ ವರ್ಷ ಆ ಓಡಿ ಹತ್ತುವ ಪದ್ಧತಿಯೇ ನಿಂತುಹೋಯಿತು.

ನಿದ್ದೆಗೆಟ್ಟವನ ಕಥೆಯೂ ಇದೆ. 1952ರಲ್ಲಿ ಪಿಯೇರ್ ಲೆವೆಗ್ ಎಂಬ ಫ್ರೆಂಚ್ ಚಾಲಕ, ಸಹಚಾಲಕನು ಪಿಟ್ಟಿನಲ್ಲಿ ಕಾದು ನಿಂತಿದ್ದರೂ ಸ್ಥಾನ ಬಿಟ್ಟುಕೊಡದೆ, ಸುಮಾರು ಇಪ್ಪತ್ಮೂರು ಗಂಟೆಗಳ ಕಾಲ ಒಬ್ಬನೇ ಓಡಿಸಿದ. ಎಲ್ಲರಿಗಿಂತ ಹಲವು ಸುತ್ತು ಮುಂದಿದ್ದ. ಮುಗಿಯಲು ಒಂದು ಗಂಟೆಯಷ್ಟಿರುವಾಗ ಎಂಜಿನು ಮುರಿಯಿತು. ಆಯಾಸದಿಂದ ಗೇರು ತಪ್ಪಿಸಿದನೆಂದು ಕೆಲವರು, ಎಂಜಿನೇ ಮೊದಲು ಕೆಟ್ಟಿತ್ತೆಂದು ಕೆಲವರು. ಇದೇ ಲೆವೆಗ್ 1955ರ ಜೂನ್ 11ರಂದು, ತಾನು ಓಡಿಸುತ್ತಿದ್ದ ಮರ್ಸಿಡಿಸ್ ಕಾರು ಗ್ಯಾಲರಿಯ ಕಡೆಗೆ ಹಾರಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಪ್ರಾಣ ಕಳೆದುಕೊಂಡ ಘೋರ ಅಪಘಾತದಲ್ಲಿ ತಾನೂ ಮಡಿದ. ಇಂದು ಒಂದು ಕಾರಿಗೆ ಮೂವರು ಚಾಲಕರು. ಯಾವ ಆರು ಗಂಟೆಗಳಲ್ಲಿಯೂ ಒಬ್ಬನು ನಾಲ್ಕು ಗಂಟೆಗಿಂತ ಹೆಚ್ಚು, ಒಟ್ಟಿನಲ್ಲಿ ಹದಿನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ.

ಚಾಲಕನಿಗೆ ಈ ನಿಯಮವಿದೆ, ಪ್ರೇಕ್ಷಕನಿಗಿಲ್ಲ. ಬಿಡಾರದ ವಿಚಾರದಲ್ಲಿ ಬಹುಮಂದಿ ಎಡವುವುದು ಈ ಮೂಲೆಯಲ್ಲಿಯೇ. ಎಲ್ಲರೂ ಶನಿವಾರದ ರಾತ್ರಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಭಾನುವಾರದ ರಾತ್ರಿಯನ್ನು ಮರೆಯುತ್ತಾರೆ. ನಾಲ್ಕು ಗಂಟೆಗೆ ಬಾವುಟ ಬೀಸಿ, ಗೆದ್ದವರ ಕೊರಳಿಗೆ ಹಾರ ಬಿದ್ದೊಡನೆ ಲಕ್ಷಾಂತರ ಜನ ಒಮ್ಮೆಲೇ ರಸ್ತೆಗೆ ಇಳಿಯುತ್ತಾರೆ. ಹಿಂದಿನ ರಾತ್ರಿ ಕಣ್ಣು ಮುಚ್ಚದವನು, ಮರುದಿನ ಕಚೇರಿಗೆ ಹೋಗಬೇಕೆಂಬ ಹಟದಿಂದ, ಪಕ್ಕದಲ್ಲಿ ಹೆಂಡತಿಯನ್ನೂ ಹಿಂದೆ ಮಕ್ಕಳನ್ನೂ ಕೂರಿಸಿಕೊಂಡು ನೂರಾರು ಕಿಲೋಮೀಟರ್ ಕಾರು ಓಡಿಸುತ್ತಾನೆ. ಬಾಡಿಗೆಯ ಕಾರಿನಲ್ಲಿ, ರಸ್ತೆಯ ಬಲಮಗ್ಗುಲಿನಲ್ಲಿ ಹೋಗುವ ಅಭ್ಯಾಸವಿಲ್ಲದ ಭಾರತೀಯನಂತೂ ಈ ಸಾಹಸಕ್ಕೆ ಕೈಹಾಕಲೇಬಾರದು. ಹಣ ಒಂದೇ ಕೊಠಡಿಗೆ ಸಾಲುವಂತಿದ್ದರೆ, ಶನಿವಾರ ಬೇಲಿಯ ಬದಿಯಲ್ಲಿ ಕಂಬಳಿ ಹೊದ್ದು ಕುಳಿತು, ಆ ಹಣವನ್ನು ಭಾನುವಾರದ ಹಾಸಿಗೆಗೆ ಉಳಿಸುವುದು ಲೇಸು. ಆ ರಾತ್ರಿಯ ಬಾಡಿಗೆಯೂ ಎಷ್ಟೋ ಕಡೆ ಇಳಿದಿರುತ್ತದೆ.

ನಮ್ಮ ದೇಶದಿಂದ ಹೋಗುವವರಿಗೆ ಬಿಡಾರವು ಮಲಗುವ ಸ್ಥಳ ಮಾತ್ರವಲ್ಲ, ಕಾಗದಪತ್ರವೂ ಹೌದು. ಫ್ರಾನ್ಸಿನ ವೀಸಾ ಅರ್ಜಿಯೊಡನೆ ಎಲ್ಲಿ ತಂಗುವೆನೆಂಬುದಕ್ಕೆ ಆಧಾರ ಕೊಡಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಡೇರೆಯ ಚೌಕದ ಟಿಕೆಟನ್ನೇ ನೆಚ್ಚಿಕೊಂಡವರು ಮುಂಚಿನ, ಹಿಂದಿನ ರಾತ್ರಿಗಳಿಗೂ ವಿಳಾಸ ತೋರಿಸಬೇಕಾಗುವುದರಿಂದ, ಪ್ಯಾರಿಸಿನಲ್ಲಿ ಎರಡು ದಿನದ ಕೊಠಡಿಯನ್ನು ಸೇರಿಸಿಕೊಳ್ಳುವುದು ವಾಸಿ. ಈ ಓಟ ಭಾರತೀಯರಿಗೆ ಪರಕೀಯವೂ ಅಲ್ಲ. 2012ರಲ್ಲಿ ಚೆನ್ನೈನ ಕರುಣ್ ಚಾಂದೋಕ್ ಇಲ್ಲಿ ಓಡಿಸಿ, ಅವನ ತಂಡ ಆರನೆಯ ಸ್ಥಾನ ಪಡೆಯಿತು. 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಓಡಿಸಿದ.

ಭಾನುವಾರ ಉಳಿದವರಿಗೆ ಒಂದು ಬೋನಸ್ಸು ಕಾದಿರುತ್ತದೆ. ಬೇಲಿಗಳನ್ನು ಕಿತ್ತು, ರಸ್ತೆಯನ್ನು ಗುಡಿಸಿ, ಯುನೊಡಿಯೇರಿನ ಹಾದಿಯನ್ನು ಮತ್ತೆ ಜನರಿಗೆ ಬಿಟ್ಟುಕೊಡುತ್ತಾರೆ. ನಿದ್ದೆ ತಿಳಿದೆದ್ದ ಪ್ರವಾಸಿ, ತೂರ್ ಕಡೆಗೆ ಹೋಗುವ ಬಸ್ಸಿನಲ್ಲಿಯೋ ಟ್ಯಾಕ್ಸಿಯಲ್ಲಿಯೋ ಕುಳಿತು, ಅಂಗಡಿ ಮನೆಗಳ ಸಾಲು ನೋಡುತ್ತ, ತರಕಾರಿ ಲಾರಿಯ ಹಿಂದೆ ಮೆಲ್ಲಗೆ ಆ ಆರು ಕಿಲೋಮೀಟರುಗಳನ್ನು ದಾಟಬಹುದು. ಅಡ್ಡತಿರುವುಗಳ ಹತ್ತಿರ ಟೈರುಗಳು ಬಿಟ್ಟ ಕರಿಯ ಗೆರೆಗಳು ಇನ್ನೂ ಹಸಿಯಾಗಿಯೇ ಕಾಣುತ್ತಿರುತ್ತವೆ.