ಕ್ಷಯರೋಗ ನಿವಾರಣೆಯಲ್ಲಿ ಪೌಷ್ಟಿಕ ಆಹಾರದ ಪಾತ್ರ

ಶ್ವಾಸಕೋಶವನ್ನು ಬಾಧಿಸುವ ಕ್ಷಯರೋಗವು ಇಂದು ಗುಣಪಡಿಸಬಹುದಾದ ಕಾಯಿಲೆ. ಪರೀಕ್ಷೆ ಮತ್ತು ಔಷಧಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೂ ಔಷಧ ಸೇವಿಸುತ್ತಿರುವವರಲ್ಲಿ ಕೆಲವರು ಚೇತರಿಸಿಕೊಳ್ಳದೆ ಸಾವಿಗೀಡಾಗುವುದುಂಟು. ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಅಪೌಷ್ಟಿಕತೆ. ಹೊಟ್ಟೆತುಂಬ ಆಹಾರವಿಲ್ಲದ ದೇಹದಲ್ಲಿ ರೋಗನಿರೋಧಕ ಶಕ್ತಿ ಕುಂದಿ ಕ್ಷಯ ತಲೆದೋರುತ್ತದೆ. ಕ್ಷಯ ತಗುಲಿದ ಬಳಿಕ ಹಸಿವು ಅಡಗಿ ದೇಹ ಮತ್ತಷ್ಟು ಸೊರಗುತ್ತದೆ. ಈ ವಿಷವರ್ತುಲವನ್ನು ಮುರಿಯಲು ಮಾತ್ರೆಯೊಂದಿಗೆ ಆಹಾರವೂ ಅತ್ಯಗತ್ಯ.

ಅಧ್ಯಯನ ತಿಳಿಸಿದ್ದೇನು?

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರ ನೇತೃತ್ವದಲ್ಲಿ, ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ ಸಹಯೋಗದೊಂದಿಗೆ ಜಾರ್ಖಂಡ್ ರಾಜ್ಯದಲ್ಲಿ ಮಹತ್ವದ ಅಧ್ಯಯನವೊಂದು ನಡೆಯಿತು. ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳಿಗೆ ಪ್ರತಿ ತಿಂಗಳು 10 ಕೆ.ಜಿ. ಆಹಾರದ ಕಿಟ್ ನೀಡಲಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿರುವುದು ಕಂಡುಬಂದಿತು. 40 ಕೆ.ಜಿ. ತೂಗುವ ವ್ಯಕ್ತಿಗೆ ಇದು ಕೇವಲ 2 ಕೆ.ಜಿ. ಹೆಚ್ಚಳವಷ್ಟೆ.

ರೋಗಿಗಳ ಕುಟುಂಬಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನ ಮನೆಮಂದಿಗೂ ಅಕ್ಕಿ ಮತ್ತು ಬೇಳೆಯನ್ನು ವಿತರಿಸಲಾಯಿತು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ತಗುಲಿದ ಪ್ರಮಾಣ ಇನ್ನೊಂದು ಗುಂಪಿಗಿಂತ ಶೇ. 39ರಷ್ಟು ಕಡಿಮೆಯಿತ್ತು. ಅಂದರೆ ಆಹಾರವು ರೋಗಿಯನ್ನು ಮಾತ್ರವಲ್ಲದೆ ಅವರ ಮನೆಯನ್ನೂ ಕಾಯುತ್ತದೆ.

ತಟ್ಟೆಯಲ್ಲಿ ಏನಿರಬೇಕು?

ಇದಕ್ಕೆ ದುಬಾರಿ ಪುಡಿ, ಟಾನಿಕ್‌ಗಳು ಬೇಕಿಲ್ಲ. ನಮ್ಮ ಊರುಗಳ ಊಟವೇ ಸಾಕು. ಅದರಲ್ಲಿ ಕಾಳು-ಬೇಳೆಯ ಪಾಲು ಹೆಚ್ಚಬೇಕು. ಮುದ್ದೆಯೊಂದಿಗೆ ಹುರುಳಿ ಅಥವಾ ಅವರೆಕಾಳಿನ ಸಾರು, ಜೋಳದ ರೊಟ್ಟಿಯೊಂದಿಗೆ ಹೆಸರುಕಾಳಿನ ಪಲ್ಯ ಮತ್ತು ಶೇಂಗಾ ಚಟ್ನಿ, ಕುಚ್ಚಲಕ್ಕಿ ಗಂಜಿಯೊಂದಿಗೆ ಮೀನು ಉತ್ತಮ ಆಹಾರಗಳು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ (30 ಗ್ರಾಂ) ಶೇಂಗಾದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. ಹಾಲು, ಮೊಸರು, ನುಗ್ಗೆ ಸೊಪ್ಪು, ನೆಲ್ಲಿಕಾಯಿ, ಸೀಬೆ ಹಣ್ಣು ಜೊತೆಗಿದ್ದರೆ ಇನ್ನೂ ಒಳಿತು.

ಆರಂಭದ ವಾರಗಳಲ್ಲಿ ಊಟ ಸೇರದಿರುವುದು ಸಹಜ. ಆಗ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವಾಗಿ ರಾಗಿ ಅಂಬಲಿ, ಬೇಳೆ ಕಟ್ಟು, ಬಾಳೆಹಣ್ಣು ಮುಂತಾದವನ್ನು ನೀಡಬಹುದು. ಮಧುಮೇಹವೂ ಇರುವವರು ವೈದ್ಯರ ಸಲಹೆಯಂತೆ ಆಹಾರ ಸೇವಿಸಬೇಕು. ಮದ್ಯಪಾನ ಮತ್ತು ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಕ್ಷಯದ ಮಾತ್ರೆಗಳೊಂದಿಗೆ ಮದ್ಯ ಸೇರಿದರೆ ಯಕೃತ್ತಿಗೆ ಹಾನಿಯಾಗುತ್ತದೆ. ಆಹಾರವು ಔಷಧಕ್ಕೆ ಪರ್ಯಾಯವಲ್ಲ. ಹುಷಾರಾಯಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬಾರದು.

ತಪ್ಪು ತಿಳಿವಳಿಕೆಗಳು

ಪಥ್ಯದ ಹೆಸರಿನಲ್ಲಿ ಮೊಟ್ಟೆ, ಮೊಸರು, ಬೇಳೆಗಳನ್ನು ಬಿಡಿಸುವುದು ರೋಗಿಯನ್ನು ಮತ್ತಷ್ಟು ದುರ್ಬಲಗೊಳಿಸುತ್ತದೆ. ರೋಗಿಗೆ ಬೇರೆ ತಟ್ಟೆ-ಲೋಟ ಇಡುವ ಅಗತ್ಯವಿಲ್ಲ. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕವೇ ಹೊರತು ಪಾತ್ರೆಗಳಿಂದಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಮನೆಯಲ್ಲಿ ಗಾಳಿ-ಬೆಳಕು ಆಡುವಂತೆ ನೋಡಿಕೊಳ್ಳುವುದು ಮುಖ್ಯ. ಮನೆಯಲ್ಲಿ ಎಲ್ಲರ ನಂತರ ಉಳಿದದ್ದನ್ನು ಉಣ್ಣುವ ರೂಢಿಯುಳ್ಳ ಮಹಿಳೆಯರಿಗೆ ರೋಗ ಬಂದಾಗ ಈ ಬಗ್ಗೆ ವಿಶೇಷ ಗಮನ ಅಗತ್ಯ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ನಿಕ್ಷಯ್ ಪೋಷಣ್ ಯೋಜನೆಯಡಿ ಪ್ರತಿ ರೋಗಿಗೆ ಚಿಕಿತ್ಸೆಯ ಅವಧಿಯಲ್ಲಿ ಮಾಸಿಕ 1,000 ರೂ. ನೆರವು ನಿಗದಿಯಾಗಿದೆ. 2024ರ ನವೆಂಬರ್‌ಗೆ ಮುಂಚೆ ಇದು 500 ರೂ. ಇತ್ತು. ಮೊದಲ ಕಂತಿನ 3,000 ರೂ. ರೋಗ ಪತ್ತೆಯಾದೊಡನೆ ಮುಂಗಡವಾಗಿ ಸಲ್ಲುತ್ತದೆ. ಬ್ಯಾಂಕ್ ಖಾತೆಯ ತೊಡಕಿನಿಂದ ಹಣ ತಡೆಹಿಡಿಯಲ್ಪಟ್ಟಿದ್ದರೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ ಸರಿಪಡಿಸಲು ನೆರವಾಗುವುದು.

2. ರೋಗಿಯ ಕುಟುಂಬಕ್ಕೆ ಪಡಿತರ ಚೀಟಿ ಇದೆಯೇ, ಎಲ್ಲ ಸದಸ್ಯರ ಹೆಸರೂ ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

3. ಸಹಕಾರ ಸಂಘಗಳು, ಸ್ವಸಹಾಯ ಸಂಘಗಳು ಹಾಗೂ ದಾನಿಗಳನ್ನು 'ನಿಕ್ಷಯ್ ಮಿತ್ರ'ರಾಗಿ ನೋಂದಾಯಿಸಲು ಪ್ರೇರೇಪಿಸುವುದು. ಇವರು ರೋಗಿಯ ಒಪ್ಪಿಗೆಯ ಮೇರೆಗೆ ಪ್ರತಿ ತಿಂಗಳು ಆಹಾರದ ಕಿಟ್ ನೀಡಬಹುದು. ಕಿಟ್‌ನಲ್ಲಿ ಅಕ್ಕಿಗಿಂತ ಬೇಳೆ, ಕಾಳು, ಶೇಂಗಾ, ಎಣ್ಣೆಗೆ ಆದ್ಯತೆ ಇರಲಿ.

4. ಪ್ರತಿ ತಿಂಗಳು ರೋಗಿಯ ತೂಕವನ್ನು ದಾಖಲಿಸಲಾಗುತ್ತಿದೆಯೇ ಎಂದು ಆರೋಗ್ಯ ಸಿಬ್ಬಂದಿಯನ್ನು ಕೇಳುವುದು. ತೂಕ ಏರದಿದ್ದಲ್ಲಿ ರೋಗಿಯನ್ನು ಕೂಡಲೇ ವೈದ್ಯಾಧಿಕಾರಿಯ ಬಳಿಗೆ ಕಳುಹಿಸುವುದು.

5. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡುಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೆ ಒಳಪಡಿಸುವುದು.

ರೋಗಿಗಳ ಹೆಸರನ್ನು ಗ್ರಾಮ ಸಭೆಯಲ್ಲಾಗಲಿ, ಫಲಕದಲ್ಲಾಗಲಿ ಪ್ರಕಟಿಸತಕ್ಕದ್ದಲ್ಲ. ಹೆಸರು ಬಯಲಾಗುವ ಅಂಜಿಕೆಯಿಂದಲೇ ಅನೇಕರು ಪರೀಕ್ಷೆಯಿಂದ ದೂರ ಉಳಿಯುತ್ತಾರೆ.

ಕ್ಷಯಮುಕ್ತ ಗ್ರಾಮ ಪಂಚಾಯಿತಿ ಎಂಬ ಮಾನ್ಯತೆಗೆ ಪರಿಗಣಿಸುವ ಅಂಶಗಳಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆಯೊಂದಿಗೆ ಪೌಷ್ಟಿಕ ನೆರವೂ ಸೇರಿದೆ. ಆದರೆ ಪ್ರಮಾಣಪತ್ರಕ್ಕಿಂತ ಮುಖ್ಯವಾದುದು ಜೀವ. ವಾರ್ಡಿನ ಒಬ್ಬ ರೋಗಿ ಎರಡು ತಿಂಗಳಲ್ಲಿ ಎರಡು ಕೆ.ಜಿ. ತೂಕ ಗಳಿಸುವಂತೆ ನೋಡಿಕೊಳ್ಳುವುದು ಯಾವ ಸದಸ್ಯರಿಗೂ ಅಸಾಧ್ಯವಾದ ಕೆಲಸವಲ್ಲ.